ಹಳೇ ಮನೆಗೆ ಎಷ್ಟು ದೊಡ್ಡ ಒಲೆ ಬೇಕು?

ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಮೇನ್ ರಾಜ್ಯಗಳಲ್ಲಿ ನೂರು, ನೂರೈವತ್ತು ವರ್ಷದ ಮರದ ಮನೆಗಳು ಊರೂರಿಗೂ ಇವೆ. ನೋಡಲು ಬಲು ಚಂದ. ಅದರೊಳಗೆ ಚಳಿಗಾಲ ಕಳೆಯುವುದು ಬೇರೆ ಮಾತು. ಇಂಥ ಮನೆ ಕೊಂಡವರಲ್ಲಿ ಈಗ ನಮ್ಮ ಕನ್ನಡದವರೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಜನವರಿ ಬಂತೆಂದರೆ ವುಡ್ ಸ್ಟವ್, ಅಂದರೆ ಮನೆ ಬೆಚ್ಚಗಿಡಲು ಸೌದೆ ಉರಿಸುವ ಬಾಗಿಲಿನ ಒಲೆ, ಅದರ ಬಗ್ಗೆ ಅವರದು ಒಂದೇ ಪ್ರಶ್ನೆ. 'ಈಗಿರೋ ವುಡ್ ಸ್ಟವ್ ಸಾಲ್ತಾ ಇಲ್ಲ. ರಾತ್ರಿ ತುಂಬಿಸಿ ಮಲಗಿದ್ರೆ ಬೆಳಿಗ್ಗೆ ಬರೀ ಬೂದಿ. ದೊಡ್ಡದು ಹಾಕಿಸಿಬಿಡೋಣ್ವಾ?'

ಹಾಕಿಸಬಹುದು. ಎಷ್ಟೋ ಹಳೇ ಮನೆಗಳಿಗೆ ದೊಡ್ಡ ಸ್ಟವ್ ನಿಜಕ್ಕೂ ಬೇಕು. ಆದರೆ ಎಷ್ಟು ದೊಡ್ಡದು ಅನ್ನುವುದಕ್ಕೆ ಮೊದಲು ಮನೆಯನ್ನು ಅಳೆಯಬೇಕು. ಅದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಸ್ವಲ್ಪ ಲೆಕ್ಕ ಇದೆ. ಗುಣಿಸುವುದು, ಭಾಗಿಸುವುದು ಬಂದರೆ ಸಾಕು.

ಸ್ಕ್ವೇರ್ ಫೀಟ್ ನಂಬಬೇಡಿ

ಬ್ರೋಶರ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು 'ಈ ಸ್ಟವ್ 2,500 ಚದರ ಅಡಿ ಬೆಚ್ಚಗಿಡುತ್ತದೆ' ಅನ್ನುವ ಸಾಲು. ಯಾವ ಊರಿನ 2,500 ಚದರ ಅಡಿ? ಎಂಥ ಗೋಡೆ? ಅದನ್ನು ಬರೆದಿರುವುದಿಲ್ಲ. ಇತ್ತೀಚೆಗೆ ಕಟ್ಟಿದ ಮನೆಯ ಗೋಡೆ, ಅಟ್ಟದಲ್ಲೆಲ್ಲ ಇನ್ಸುಲೇಷನ್, ಅಂದರೆ ಶಾಖ ಹೊರಹೋಗದಂತೆ ತಡೆಯುವ ಪದಾರ್ಥ, ತುಂಬಿರುತ್ತದೆ. 1850ರ ರೈತರ ಮನೆಯ ಗೋಡೆ ಎಷ್ಟೋ ಸಲ ಒಳಗೆ ಬರೀ ಖಾಲಿ. ಹೊರಗೆ ಹಲಗೆ, ಒಳಗೆ ಗಾರೆ, ನಡುವೆ ಗಾಳಿ. ಎರಡೂ ಮನೆ ಒಂದೇ ಅಳತೆ ಇದ್ದರೂ ಹಳೆಯದು ಎರಡು ಪಟ್ಟು, ಕೆಲವೊಮ್ಮೆ ಮೂರು ಪಟ್ಟು ಶಾಖ ಕಳೆದುಕೊಳ್ಳಬಹುದು.

ಇನ್ನೊಂದು ಮಾತು ನೆನಪಿಡಬೇಕು. ಆ ಮನೆಗಳನ್ನು ಕಟ್ಟಿದವರು ಇಡೀ ಮನೆಯನ್ನು ಬೆಚ್ಚಗಿಡಲು ಹೋಗಿದ್ದೇ ಇಲ್ಲ. ಮನೆ ನಡುವೆ ದೊಡ್ಡ ಇಟ್ಟಿಗೆ ಚಿಮಣಿ, ಅದರ ಸುತ್ತ ಸಣ್ಣ ಸಣ್ಣ ಕೋಣೆ. ಕೂತ ಕೋಣೆಯಲ್ಲಿ ಬೆಂಕಿ, ಉಳಿದ ಬಾಗಿಲೆಲ್ಲ ಮುಚ್ಚಿ. ಮೇಲಿನ ಮಲಗುವ ಕೋಣೆಯಲ್ಲಿ ನೀರು ಹೆಪ್ಪುಗಟ್ಟಿದರೂ ಯಾರೂ ಅಚ್ಚರಿಪಡುತ್ತಿರಲಿಲ್ಲ. ನಮಗೆ ಈಗ ಎಲ್ಲ ಕೋಣೆಯಲ್ಲೂ 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಡಿಗ್ರಿ ಸೆಲ್ಸಿಯಸ್ ಬೇಕು. ಹಳೇ ಮನೆಯ ಮೇಲೆ ನಾವು ಹೊಸ ಕೆಲಸ ಹೇರುತ್ತಿದ್ದೇವೆ.

ಎಣ್ಣೆ ಬಿಲ್ಲಿನಲ್ಲೇ ಉತ್ತರ ಇದೆ

ನ್ಯೂ ಇಂಗ್ಲೆಂಡ್ ಅಂತ ಕರೆಯುವ ಈ ಈಶಾನ್ಯ ಭಾಗದ ಬಹಳಷ್ಟು ಹಳೇ ಮನೆಗಳಲ್ಲಿ ಮನೆ ಬಿಸಿ ಮಾಡುವ ನೆಲಮಾಳಿಗೆಯ ಬಾಯ್ಲರ್ ಹೀಟಿಂಗ್ ಆಯಿಲ್ ಮೇಲೆ ಓಡುತ್ತದೆ. ಹಾಗಿದ್ದರೆ ನಿಮ್ಮ ಮನೆಯ ಶಾಖದ ಲೆಕ್ಕ ಆಗಲೇ ಬಿಲ್ಲಿನಲ್ಲಿ ಇದೆ ಅಂತಲೇ ಅರ್ಥ.

ಇಲ್ಲಿ ಶಾಖವನ್ನು ಅಳೆಯುವುದು ಬಿಟಿಯುನಲ್ಲಿ. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು ಬೇಕಾದ ಶಾಖ ಒಂದು ಬಿಟಿಯು. ನಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ 3,412 ಬಿಟಿಯು. ಒಂದು ಗ್ಯಾಲನ್ ಎಣ್ಣೆಯಲ್ಲಿ ಸುಮಾರು 1,38,500 ಬಿಟಿಯು ಇರುತ್ತದೆ. ಬಾಯ್ಲರ್ 80 ಪರ್ಸೆಂಟ್ ದಕ್ಷವಾಗಿದ್ದರೆ ಮನೆಗೆ ಸೇರುವುದು 1,10,000ದಷ್ಟು.

ಒಂದು ಉದಾಹರಣೆ ತಗೊಳ್ಳೋಣ. ವರ್ಮಾಂಟಿನ ಬರ್ಲಿಂಗ್‌ಟನ್ ಹತ್ತಿರ ಒಂದು ಹಳೇ ಮನೆ. ಚಳಿಗಾಲಕ್ಕೆ 900 ಗ್ಯಾಲನ್ ಎಣ್ಣೆ ಕುಡಿಯುತ್ತದೆ ಅಂದುಕೊಳ್ಳಿ. ಸ್ನಾನದ ಬಿಸಿನೀರಿಗೂ ಅದೇ ಬಾಯ್ಲರ್ ಇದ್ದರೆ ಆ ಪಾಲು ಕಳೆಯಬೇಕು. ಬೇಸಿಗೆಯಲ್ಲಿ ಎಷ್ಟು ಉರಿಯಿತು ಅಂತ ನೋಡಿದರೆ ಅದು ಗೊತ್ತಾಗುತ್ತದೆ. ಹಾಗೆ ಕಳೆದ ಮೇಲೆ ಉಳಿದದ್ದು 900 ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ 9.9 ಕೋಟಿ ಬಿಟಿಯು ಆಯಿತು.

ಮುಂದೆ ಬೇಕಾದದ್ದು ಹೀಟಿಂಗ್ ಡಿಗ್ರಿ ಡೇ. ಹೆಸರು ಕೇಳಿ ಹೆದರಬೇಕಿಲ್ಲ. ಒಂದು ದಿನದ ಸರಾಸರಿ ಉಷ್ಣತೆ 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಎಷ್ಟು ಕಡಿಮೆ ಇತ್ತೋ ಅಷ್ಟು ಅಂಕ ಆ ದಿನಕ್ಕೆ. ದಿನದ ಸರಾಸರಿ 25 ಇದ್ದರೆ 40 ಅಂಕ. ವರ್ಷಪೂರ್ತಿ ಕೂಡಿದರೆ ಆ ಊರಿನ ಚಳಿಯ ಒಟ್ಟು ಮೊತ್ತ ಸಿಗುತ್ತದೆ. ಬರ್ಲಿಂಗ್‌ಟನ್‌ಗೆ ಅದು 7 ಸಾವಿರದ ಆಸುಪಾಸು. ಲೆಕ್ಕಕ್ಕೆ 7,200 ಇಟ್ಟುಕೊಳ್ಳೋಣ. 9.9 ಕೋಟಿಯನ್ನು 7,200ರಿಂದ ಭಾಗಿಸಿ, ಮತ್ತೆ 24 ಗಂಟೆಯಿಂದ ಭಾಗಿಸಿ. ಬರುವುದು ಸುಮಾರು 570. ಹೊರಗಿನ ಉಷ್ಣತೆ 65ರಿಂದ ಒಂದೊಂದು ಡಿಗ್ರಿ ಇಳಿದಾಗಲೂ ಈ ಮನೆ ಗಂಟೆಗೆ 570 ಬಿಟಿಯು ಜಾಸ್ತಿ ಕೇಳುತ್ತದೆ ಅಂತ ಇದರ ಅರ್ಥ.

ಈ ಒಂದು ಅಂಕಿ ಕೈಗೆ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಹೊರಗೆ 30 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ, ಅಂದರೆ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ತುಸು ಕೆಳಗೆ, ಗಂಟೆಗೆ 20 ಸಾವಿರ ಬಿಟಿಯು ಬೇಕು. ಶೂನ್ಯ ಫ್ಯಾರನ್‌ಹೀಟ್‌ಗೆ, ಅಂದರೆ ಮೈನಸ್ 18 ಸೆಲ್ಸಿಯಸ್‌ಗೆ ಇಳಿದರೆ 37 ಸಾವಿರ. ಅಕ್ಟೋಬರಿನ ತಂಪು ಸಂಜೆ 45 ಡಿಗ್ರಿ ಇದ್ದಾಗ ಬರೀ 11 ಸಾವಿರ. ಒಂದೇ ಸ್ಟವ್ ಈ ಮೂರನ್ನೂ ನಿಭಾಯಿಸಬೇಕು. ನಿಜವಾದ ತೊಡಕು ಇರುವುದು ಇಲ್ಲೇ.

ಗ್ಯಾಸ್ ಮೇಲೆ ಓಡುವ ಮನೆಗೂ ಇದೇ ಲೆಕ್ಕ ನಡೆಯುತ್ತದೆ. ಒಂದು ಥರ್ಮ್ ಅಂದರೆ ಒಂದು ಲಕ್ಷ ಬಿಟಿಯು, ಅಷ್ಟೇ ವ್ಯತ್ಯಾಸ.

ಒಂದು ತುಂಬಿಗೆ (ಒಮ್ಮೆ ಸೌದೆ ತುಂಬಿದರೆ) ಎಷ್ಟು ಶಾಖ?

ಸ್ಟವ್‌ನ ನಿಜವಾದ ಅಳತೆ ಅದರ ಫೈರ್‌ಬಾಕ್ಸ್, ಅಂದರೆ ಸೌದೆ ತುಂಬುವ ಹೊಟ್ಟೆ. ಅದನ್ನು ಘನ ಅಡಿಯಲ್ಲಿ ಹೇಳುತ್ತಾರೆ. ಒಂದೂವರೆ ಘನ ಅಡಿ ಸಣ್ಣದು. ಎರಡರ ಆಸುಪಾಸು ಮಧ್ಯಮ. ಮೂರು ಮತ್ತು ಅದರ ಮೇಲಿನದು ದೊಡ್ಡದು.

ಚೆನ್ನಾಗಿ ತುಂಬಿಸಿದರೆ ಒಂದು ಘನ ಅಡಿಗೆ ಸುಮಾರು 10 ಪೌಂಡ್ ಸೌದೆ ಹಿಡಿಯುತ್ತದೆ. ಮೂರು ಘನ ಅಡಿಯ ಸ್ಟವ್ ಅಂದರೆ 30 ಪೌಂಡ್. ಒಣಗಿದ ಸೌದೆ ಒಂದು ಪೌಂಡಿಗೆ ಹೆಚ್ಚುಕಮ್ಮಿ 7,000 ಬಿಟಿಯು. ತೂಕದ ಲೆಕ್ಕದಲ್ಲಿ ಓಕ್ ಆಗಲಿ ಪೈನ್ ಆಗಲಿ ಬಹಳ ವ್ಯತ್ಯಾಸ ಇಲ್ಲ. ಒಟ್ಟು 2,10,000. ಸ್ಟವ್ 72 ಪರ್ಸೆಂಟ್ ದಕ್ಷವಾಗಿದ್ದರೆ ಕೋಣೆಗೆ ಬರುವುದು ಒಂದೂವರೆ ಲಕ್ಷ ಬಿಟಿಯು.

ಈ ಒಂದೂವರೆ ಲಕ್ಷವನ್ನು ಎಂಟು ಗಂಟೆಗೆ ಹಂಚಿ. ಗಂಟೆಗೆ 19 ಸಾವಿರ ಸಿಗುತ್ತದೆ. ಮೇಲಿನ ಮನೆಗೆ 30 ಡಿಗ್ರಿ ದಿನಕ್ಕೆ ಬೇಕಾಗಿದ್ದು 20 ಸಾವಿರ ಅಲ್ವಾ? ಸರಿಯಾಗಿ ಕೂರುತ್ತದೆ. ದಿನಕ್ಕೆ ಮೂರು ಸಲ ತುಂಬಿದರೆ ಬಾಯ್ಲರ್ ಮುಟ್ಟಬೇಕಾಗಿಲ್ಲ. ಶೂನ್ಯಕ್ಕೆ ಇಳಿದ ರಾತ್ರಿ ಮಾತ್ರ 37 ಸಾವಿರ ಬೇಕು. ಆಗ ಅದೇ ತುಂಬು ನಾಲ್ಕೇ ಗಂಟೆಗೆ ಮುಗಿಯುತ್ತದೆ. ನಡುರಾತ್ರಿ ಎರಡು ಗಂಟೆಗೆ ಎದ್ದು ಸೌದೆ ಹಾಕಬೇಕು, ಇಲ್ಲವೇ ಬಾಯ್ಲರ್ ಅಷ್ಟು ಹೊತ್ತು ಕೈಜೋಡಿಸಬೇಕು.

ಬ್ರೋಶರ್‌ನಲ್ಲಿ ಅದೇ ಸ್ಟವ್‌ಗೆ 'ಗಂಟೆಗೆ 75,000 ಬಿಟಿಯು' ಅಂತ ಬರೆದಿರಬಹುದು. ಸುಳ್ಳು ಅಂತ ಹೇಳುವಂತಿಲ್ಲ. ಗಾಳಿ ಪೂರ್ತಿ ಬಿಟ್ಟು ಧಗಧಗ ಉರಿಸಿದಾಗ ಸ್ವಲ್ಪ ಹೊತ್ತು ಅಷ್ಟು ಬರಬಹುದು. ಆದರೆ ಒಂದೂವರೆ ಲಕ್ಷವನ್ನು 75 ಸಾವಿರದಿಂದ ಭಾಗಿಸಿ ನೋಡಿ. ಎರಡು ಗಂಟೆಗೆ ಹೊಟ್ಟೆ ಖಾಲಿ. ಅದಕ್ಕೇ ನಾನು ಹೇಳುವುದು, ಗರಿಷ್ಠ ಅಂಕಿ ಬಿಟ್ಟು ತುಂಬಿಗೆ ಎಷ್ಟು, ಎಷ್ಟು ಗಂಟೆಗೆ ಅಂತ ನೋಡಿ. ಎರಡು ಘನ ಅಡಿಯ ಸ್ಟವ್ ಇಟ್ಟುಕೊಂಡು ಇದೇ ಮನೆ ಬೆಚ್ಚಗಿಡಲು ಹೊರಟವರು ಐದು ಗಂಟೆಗೊಮ್ಮೆ ತುಂಬುತ್ತಲೇ ಇರಬೇಕು. ಬೆಳಿಗ್ಗೆ ಬರೀ ಬೂದಿ ಸಿಗುವುದು ಈ ಕಾರಣಕ್ಕೆ. ಸಣ್ಣ ಸ್ಟವ್‌ಗೆ ಅದರ ಶಕ್ತಿ ಮೀರಿ ದುಡಿಸಿದರೆ ಒಳಗಿನ ತಗಡು ಸೊಟ್ಟಗಾಗುತ್ತದೆ, ಎರಕ ಬಿರಿಯುತ್ತದೆ.

ದಕ್ಷತೆಯ ಅಂಕಿ ಓದುವಾಗಲೂ ಎಚ್ಚರ ಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ತನ್ನ ಪಟ್ಟಿಯಲ್ಲಿ ಹಾಕುವ ಅಂಕಿ ಸೌದೆಯ ನೀರು ಆವಿಯಾಗಿ ಒಯ್ಯುವ ಶಾಖವನ್ನೂ ನಷ್ಟದ ಲೆಕ್ಕಕ್ಕೆ ಹಿಡಿಯುತ್ತದೆ. ಯೂರೋಪಿನ ಲೆಕ್ಕದಲ್ಲಿ ಅದನ್ನು ಬಿಡುತ್ತಾರೆ. ಹಾಗಾಗಿ ಅದೇ ಸ್ಟವ್ ಅಲ್ಲಿ ಐದಾರು ಅಂಕ ಜಾಸ್ತಿ ಕಾಣುತ್ತದೆ. ಎರಡು ಸ್ಟವ್ ಹೋಲಿಸುವಾಗ ಎರಡಕ್ಕೂ ಇಪಿಎ ಪಟ್ಟಿಯ ಅಂಕಿಯನ್ನೇ ಹಿಡಿಯಿರಿ.

ದೊಡ್ಡ ಸ್ಟವ್‌ಗೆ ಕಷ್ಟ ಕೊಡುವುದು ಸಣ್ಣ ಚಳಿ

'ಹಾಗಿದ್ರೆ ನಾಲ್ಕು ಘನ ಅಡಿದೇ ತಂದ್ಬಿಡ್ತೀನಿ' ಅಂತ ಹೊರಡುವ ಮುಂಚೆ ಅಕ್ಟೋಬರನ್ನು ನೆನಪಿಸಿಕೊಳ್ಳಿ. ಮನೆಗೆ ಬೇಕಾಗಿರುವುದು ಗಂಟೆಗೆ 11 ಸಾವಿರ. ದೊಡ್ಡ ಸ್ಟವ್ ಸರಿಯಾಗಿ ಉರಿದರೆ ಕೋಣೆ ಕುಲುಮೆಯಾಗುತ್ತದೆ. ಸೆಕೆ ತಡೆಯಲಾರದೆ ಗಾಳಿಯ ಕಿಂಡಿ ಮುಚ್ಚುತ್ತೀರಿ. ಬೆಂಕಿ ಸತ್ತು ಹೊಗೆಯಾಡಲು ಶುರುವಾಗುತ್ತದೆ.

ಇಲ್ಲಿ ಸೌದೆ ಉರಿಯುವ ಬಗೆ ತಿಳಿದಿರಬೇಕು. ಸೌದೆ ಬಿಸಿಯಾದಾಗ ಮೊದಲು ನೀರು ಹೋಗುತ್ತದೆ. ಆಮೇಲೆ ಅನಿಲಗಳು ಹೊರಡುತ್ತವೆ. ಸೌದೆಯಲ್ಲಿರುವ ಶಾಖದ ಅರ್ಧಕ್ಕೂ ಹೆಚ್ಚು ಪಾಲು ಈ ಅನಿಲದಲ್ಲೇ ಇರುವುದು. ಕೊನೆಗೆ ಉಳಿಯುವುದು ಕೆಂಡ. ಅನಿಲ ಉರಿಯಲು ಸುಮಾರು 1,100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 600 ಸೆಲ್ಸಿಯಸ್ ಬೇಕು, ಜೊತೆಗೆ ಬಿಸಿಗಾಳಿ ಬೇಕು. ಅಷ್ಟು ಕಾವಿಲ್ಲದಿದ್ದರೆ ಅದು ಹೊಗೆಯಾಗಿಯೇ ಮೇಲೆ ಹೋಗುತ್ತದೆ. ತಣ್ಣಗಿನ ಚಿಮಣಿಗೆ ತಾಗಿ ಡಾಂಬರಿನ ಹಾಗೆ ಮೆತ್ತಿಕೊಳ್ಳುತ್ತದೆ. ಇದೇ ಕ್ರಿಯೋಸೋಟ್. ಒಂದು ದಿನ ಕಿಡಿ ತಾಗಿ ಅದು ಹೊತ್ತಿಕೊಂಡರೆ ಚಿಮಣಿಯೊಳಗೆ 2,000 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತದೆ. ಹಳೇ ಇಟ್ಟಿಗೆ ಬಿರುಕುಗಳ ಮೂಲಕ ಮನೆಯ ತೊಲೆಗೆ ಬೆಂಕಿ ಹತ್ತಲು ಮತ್ತೇನೂ ಬೇಕಿಲ್ಲ. ಅತಿ ದೊಡ್ಡ ಸ್ಟವ್ ಬೇಡ ಅನ್ನುವುದು ದುಡ್ಡಿನ ಮಾತಲ್ಲ, ಪ್ರಾಣದ ಮಾತು.

ಈಗಿನ ಸ್ಟವ್‌ಗಳು ಹೊಗೆಯನ್ನು ಸುಡಲು ಎರಡು ದಾರಿ ಹಿಡಿದಿವೆ. ಒಂದರಲ್ಲಿ ಫೈರ್‌ಬಾಕ್ಸ್ ಮೇಲ್ಭಾಗದಲ್ಲಿ ತೂತಿನ ಕೊಳವೆಗಳಿರುತ್ತವೆ. ಅವುಗಳಿಂದ ಬಿಸಿಗಾಳಿ ಬಂದು ಹೊಗೆ ಅಲ್ಲೇ ಹೊತ್ತಿಕೊಳ್ಳುತ್ತದೆ. ಗಾಜಿನ ಬಾಗಿಲಲ್ಲಿ ನೋಡಿದರೆ ಜ್ವಾಲೆ ಸೌದೆಯನ್ನು ಬಿಟ್ಟು ಮೇಲೆ ಗಾಳಿಯಲ್ಲಿ ತೇಲಾಡುತ್ತಿರುತ್ತದೆ. ಇನ್ನೊಂದರಲ್ಲಿ ಜೇನುಗೂಡಿನಂಥ ಕ್ಯಾಟಲಿಸ್ಟ್ ಇರುತ್ತದೆ. ಅದಕ್ಕೆ ಪೆಲ್ಲಾಡಿಯಂ, ಪ್ಲಾಟಿನಂ ಲೇಪ ಇರುವುದರಿಂದ ಹೊಗೆ 500 ಡಿಗ್ರಿ ಫ್ಯಾರನ್‌ಹೀಟ್ ಸುಮಾರಿಗೇ ಉರಿಯುತ್ತದೆ. ಅಂದರೆ ಬೆಂಕಿ ಸಣ್ಣಗಿದ್ದರೂ ಹೊಗೆ ಸುಡುತ್ತದೆ. ಎರಡೂ ಕೂಡಿದ ಹೈಬ್ರಿಡ್ ಕೂಡ ಸಿಗುತ್ತದೆ.

ಹಳೇ ಮನೆಗೆ ದೊಡ್ಡ ಸ್ಟವ್ ಬೇಕೆಂದರೆ ನನ್ನ ಒಲವು ಕ್ಯಾಟಲಿಸ್ಟ್ ಇಲ್ಲವೇ ಹೈಬ್ರಿಡ್ ಕಡೆಗೇ. ಜನವರಿಗೆ ಬೇಕಾದ ದೊಡ್ಡ ಹೊಟ್ಟೆ, ಅಕ್ಟೋಬರಿಗೆ ಬೇಕಾದ ಸಣ್ಣ ಉರಿ, ಎರಡೂ ಒಂದರಲ್ಲೇ ಸಿಗುವುದು ಅಲ್ಲಿ. ಬ್ಲೇಜ್ ಕಿಂಗ್ ಕಂಪನಿಯ 'ಕಿಂಗ್' ಮಾದರಿಯ ಹೊಟ್ಟೆ ನಾಲ್ಕು ಘನ ಅಡಿ ದಾಟುತ್ತದೆ. ಅದರ ಥರ್ಮೋಸ್ಟಾಟ್ ತಾನೇ ಗಾಳಿ ಹಿಡಿತ ಮಾಡುವುದರಿಂದ ತೀರಾ ಸಣ್ಣ ಉರಿಯಲ್ಲಿ 40 ಗಂಟೆವರೆಗೆ ನಡೆಯುತ್ತದೆ ಅಂತ ಕಂಪನಿ ಹೇಳುತ್ತದೆ. ನ್ಯೂ ಹ್ಯಾಂಪ್‌ಶೈರಿನ ವುಡ್‌ಸ್ಟಾಕ್ ಸೋಪ್‌ಸ್ಟೋನ್ ಕಂಪನಿ ಬಳಪದ ಕಲ್ಲಿನ ಹೈಬ್ರಿಡ್ ಸ್ಟವ್ ಮಾಡುತ್ತದೆ. ಕಲ್ಲು ಕಾವು ಹಿಡಿದಿಟ್ಟು, ಬೆಂಕಿ ಇಳಿದ ಮೇಲೂ ಗಂಟೆಗಟ್ಟಲೆ ನಿಧಾನವಾಗಿ ಬಿಡುತ್ತದೆ. ಹೊಯ್ಸಳರ ಗುಡಿ ಕೆತ್ತಿದ್ದೂ ಇದೇ ಜಾತಿಯ ಕಲ್ಲಿನಲ್ಲಿ. ಕ್ಯಾಟಲಿಸ್ಟ್‌ಗೆ ಒಂದು ಖರ್ಚಿದೆ. ಕೆಲವು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಹಸಿ ಸೌದೆ, ಬಣ್ಣದ ಹಲಗೆ, ಕಸ ಸುಟ್ಟರೆ ಇನ್ನೂ ಬೇಗ ಹಾಳಾಗುತ್ತದೆ.

ಅಗ್ಗಕ್ಕೆ ಸಿಗುತ್ತದೆ ಅಂತ 1970ರ ದಶಕದ ಭಾರಿ ಕಬ್ಬಿಣದ ಪೆಟ್ಟಿಗೆ ಮಾತ್ರ ತರಬೇಡಿ. 1973ರ ಎಣ್ಣೆ ಬಿಕ್ಕಟ್ಟಿನ ಮೇಲೆ ಅಮೆರಿಕದಲ್ಲಿ ಸ್ಟವ್‌ಗಳಿಗೆ ಒಮ್ಮೆಲೇ ಬೇಡಿಕೆ ಬಂತು. ವರ್ಮಾಂಟ್ ಕಾಸ್ಟಿಂಗ್ಸ್ ಶುರುವಾಗಿದ್ದೂ ಆಗಲೇ, 1975ರಲ್ಲಿ. ಇಪಿಎ ಮೊದಲ ನಿಯಮ ತಂದದ್ದು 1988ರಲ್ಲಿ. ಅದಕ್ಕೂ ಹಿಂದಿನ ಸ್ಟವ್‌ಗಳು ಗಂಟೆಗೆ 15ರಿಂದ 30 ಗ್ರಾಂ ಹೊಗೆಯ ಕಣ ಉಗುಳುತ್ತವೆ. 2020ರ ಮೇ 15ರಿಂದ ಹೊಸದಾಗಿ ಮಾರುವ ಸ್ಟವ್‌ಗೆ ಮಿತಿ 2 ಗ್ರಾಂ, ನಿಜವಾದ ಸೌದೆ ಸುಟ್ಟು ಪರೀಕ್ಷಿಸಿದರೆ 2.5 ಗ್ರಾಂ. ಹಳೆಯದರಲ್ಲಿ ಹೊಗೆಯಾಗಿ ಹೋಗುವುದೆಲ್ಲ ನೀವು ಹೊತ್ತು, ಒಡೆದು, ಒಣಗಿಸಿದ ಸೌದೆಯೇ.

ಊದುಬತ್ತಿ ಹಚ್ಚಿ ಮನೆ ಸುತ್ತಿ

ಸ್ಟವ್ ಆರ್ಡರ್ ಮಾಡುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಗಾಳಿ ಜೋರಾಗಿ ಬೀಸುವ ಒಂದು ತಣ್ಣನೆ ದಿನ ಊದುಬತ್ತಿ ಹಚ್ಚಿಕೊಂಡು ಮನೆ ಸುತ್ತಿ. ಹೊರಗೋಡೆಯ ಪ್ಲಗ್ ಪಾಯಿಂಟ್ ಮುಂದೆ ಹಿಡಿಯಿರಿ. ಹೊಗೆಯ ಎಳೆ ನೆಟ್ಟಗೆ ಮೇಲೇರುತ್ತಿದ್ದದ್ದು ಥಟ್ಟನೆ ಒಳಕ್ಕೆ ಬಾಗಿದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ಕಿಟಕಿ ಚೌಕಟ್ಟಿನ ಸಂದು, ಗೋಡೆ ನೆಲ ಸೇರುವ ಅಂಚು, ಅಟ್ಟದ ಮುಚ್ಚಳ, ನೆಲಮಾಳಿಗೆಯಲ್ಲಿ ಕಲ್ಲಿನ ಪಾಯದ ಮೇಲೆ ಮರದ ತೊಲೆ ಕೂತ ಜಾಗ, ಚಿಮಣಿ ನೆಲವನ್ನು ತೂರಿಕೊಂಡು ಹೋಗುವ ಕಡೆ. ಹಳೇ ಮನೆಯಲ್ಲಿ ಹೊಗೆ ಬಾಗದ ಜಾಗ ಹುಡುಕುವುದೇ ಕಷ್ಟ.

ಪಕ್ಕಾ ಅಳತೆ ಬೇಕಿದ್ದರೆ ಬ್ಲೋವರ್ ಡೋರ್ ಪರೀಕ್ಷೆ ಮಾಡಿಸಬಹುದು. ಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಮನೆಯ ಗಾಳಿಯನ್ನು ಹೊರಗೆಳೆಯುತ್ತಾರೆ. ಒಳಗೂ ಹೊರಗೂ 50 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ಇಟ್ಟು ಎಷ್ಟು ಗಾಳಿ ನುಗ್ಗುತ್ತದೆ ಅಂತ ಅಳೆಯುತ್ತಾರೆ.

1830ರ ದಶಕದಿಂದ ಸುಮಾರು ನೂರು ವರ್ಷ ಅಮೆರಿಕದಲ್ಲಿ ಬಲೂನ್ ಫ್ರೇಮಿಂಗ್ ಅನ್ನುವ ಪದ್ಧತಿ ಇತ್ತು. ಗೋಡೆಯ ನಿಲುವುಗಳು ಪಾಯದಿಂದ ಮಾಡಿನವರೆಗೆ ಒಂದೇ ಉದ್ದದ ಮರ. ನಡುವಿನ ಖಾಲಿ ಜಾಗ ನೆಲಮಾಳಿಗೆಯಿಂದ ಅಟ್ಟದವರೆಗೆ ತೆರೆದೇ ಇರುತ್ತದೆ. ಬಿಸಿಗಾಳಿ ಆ ದಾರಿಯಲ್ಲಿ ಮೇಲೇರಿ ಅಟ್ಟದಿಂದ ಹೊರಗೆ ಹೋಗುತ್ತದೆ, ಅದರ ಜಾಗಕ್ಕೆ ಕೆಳಗಿನಿಂದ ತಣ್ಣನೆ ಗಾಳಿ ಬರುತ್ತದೆ. ಅಂಥ ಮನೆ ತಾನೇ ಒಂದು ಚಿಮಣಿ. ನಿಮ್ಮ ಸ್ಟವ್‌ನ ಚಿಮಣಿಯ ಜೊತೆ ಅದು ಪೈಪೋಟಿಗೆ ಬೀಳುತ್ತದೆ. ಬಾಗಿಲು ತೆರೆದ ಕೂಡಲೇ ಹೊಗೆ ಕೋಣೆಗೆ ನುಗ್ಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಅಟ್ಟದ ಸಂದು ಮುಚ್ಚಿದರೆ ಶಾಖವೂ ಉಳಿಯುತ್ತದೆ, ಸ್ಟವ್ ಹೊಗೆಯೂ ಚೆನ್ನಾಗಿ ಎಳೆಯುತ್ತದೆ.

ನಮ್ಮ ಉದಾಹರಣೆಯ ಮನೆಯಲ್ಲಿ ಅಟ್ಟಕ್ಕೆ ಇನ್ಸುಲೇಷನ್ ಹಾಕಿಸಿ, ಸಂದು ಮುಚ್ಚಿ, ಗೋಡೆಗೆ ಕಾಗದದ ನಾರಿನ ಇನ್ಸುಲೇಷನ್ ಸೆಲ್ಯುಲೋಸ್ ಒತ್ತಿ ತುಂಬಿಸಿದ್ದರಿಂದ ನಷ್ಟ 30 ಪರ್ಸೆಂಟ್ ಇಳಿಯಿತು ಅಂದುಕೊಳ್ಳಿ. 570 ಇದ್ದದ್ದು 400ಕ್ಕೆ ಬಂತು. ಈಗ 30 ಡಿಗ್ರಿ ದಿನಕ್ಕೆ 14 ಸಾವಿರ ಸಾಕು. ಅದೇ ಮೂರು ಘನ ಅಡಿಯ ತುಂಬು ಹತ್ತು ಗಂಟೆಗೂ ಮೀರಿ ನಡೆಯುತ್ತದೆ. ಶೂನ್ಯದ ರಾತ್ರಿಯೂ ಸುಮಾರು ಆರು ಗಂಟೆ. ಸ್ಟವ್ ದೊಡ್ಡದು ಮಾಡಲಿಲ್ಲ, ಮನೆಯ ಹಸಿವು ಕಡಿಮೆಯಾಯಿತು. ದುಡ್ಡು ಒಂದಕ್ಕೇ ಸಾಲುವುದಾದರೆ ಮೊದಲ ವರ್ಷ ಅಟ್ಟಕ್ಕೇ ಹಾಕಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಆದರೆ ಅಟ್ಟಕ್ಕೆ ಸುಮ್ನೆ ಕೈ ಹಾಕಬೇಡಿ. ಬೂದು ಬಣ್ಣದ, ಹೊಳೆಯುವ ಸಣ್ಣ ಹರಳಿನಂಥ ಇನ್ಸುಲೇಷನ್ ಕಂಡರೆ ಅದು ವರ್ಮಿಕ್ಯುಲೈಟ್ ಇರಬಹುದು. ಮೊಂಟಾನಾ ರಾಜ್ಯದ ಲಿಬ್ಬಿ ಗಣಿಯಿಂದ ಬಂದ ವರ್ಮಿಕ್ಯುಲೈಟ್‌ನಲ್ಲಿ ಶ್ವಾಸಕೋಶಕ್ಕೆ ಅಪಾಯ ತರುವ ಆಸ್ಬೆಸ್ಟಾಸ್ ಇತ್ತು. ಅದನ್ನು ಕೆದಕದೆ ತಿಳಿದವರನ್ನು ಕರೆಸಿ. ಪಿಂಗಾಣಿ ಗುಬ್ಬಿಗಳ ಮೇಲೆ ಬಿಡಿಬಿಡಿಯಾಗಿ ಎಳೆದ ಹಳೇ ವೈರಿಂಗ್ ಇದ್ದರೆ ಅದರ ಮೇಲೆ ಇನ್ಸುಲೇಷನ್ ಹೊದಿಸುವಂತಿಲ್ಲ, ಮೊದಲು ವೈರಿಂಗ್ ಬದಲಿಸಬೇಕು. ಚಿಮಣಿಯ ಸುತ್ತ ಉರಿಯುವ ವಸ್ತು ಎರಡು ಇಂಚಾದರೂ ದೂರ ಇರಬೇಕು.

ಚಿಮಣಿಯ ಮಾತು

ಸ್ಟವ್ ಹಿಂದಿನ ಕೊಳವೆಯ ಬಾಯಿ ಸಾಮಾನ್ಯವಾಗಿ 6 ಇಂಚು. ಕೆಲವು ತೀರಾ ದೊಡ್ಡ ಸ್ಟವ್‌ಗೆ 8 ಇಂಚು ಬೇಕು, ಮೇಲೆ ಹೇಳಿದ ಕಿಂಗ್ ಕೂಡ ಅಂಥದೇ. ಈಗಾಗಲೇ ಚಿಮಣಿಯೊಳಗೆ 6 ಇಂಚಿನ ಸ್ಟೀಲ್ ಲೈನರ್, ಅಂದರೆ ಒಳಕೊಳವೆ, ಇಳಿಸಿದ್ದರೆ 8 ಇಂಚಿನ ಸ್ಟವ್ ಅಂದರೆ ಚಿಮಣಿ ಕೆಲಸ ಮತ್ತೆ ಮೊದಲಿನಿಂದ. ಸ್ಟವ್ ಬೆಲೆಯಷ್ಟೇ ಖರ್ಚು ಅದಕ್ಕೂ ಬರಬಹುದು. ಹಾಗಾಗಿ ಮಾದರಿ ಇಷ್ಟಪಡುವ ಮೊದಲು ಬಾಯಿಯ ಅಳತೆ ನೋಡಿ.

ಅಮೆರಿಕದ ಅಗ್ನಿ ಸುರಕ್ಷತಾ ಮಾನದಂಡ ಎನ್‌ಎಫ್‌ಪಿಎ 211 ಒಂದು ಮಿತಿ ಹಾಕಿದೆ. ಚಿಮಣಿಯ ಒಳಗಿನ ವಿಸ್ತಾರ ಸ್ಟವ್ ಬಾಯಿಗಿಂತ ಕಡಿಮೆ ಇರಬಾರದು, ಮೂರು ಪಟ್ಟು ಮೀರಬಾರದು. ಚಿಮಣಿ ಮನೆಯ ಹೊರಗೋಡೆಗೆ ಅಂಟಿ ಚಳಿಗೆ ಮೈಯೊಡ್ಡಿದ್ದರೆ ಎರಡೇ ಪಟ್ಟು. 6 ಇಂಚಿನ ಬಾಯಿ ಅಂದರೆ 28 ಚದರ ಇಂಚು. ಹಳೇ ಕಾಲದ ತೆರೆದ ಬೆಂಕಿಗೂಡಿನ ಚಿಮಣಿ 100 ಚದರ ಇಂಚು ದಾಟಿರುತ್ತದೆ. ಅಷ್ಟು ಅಗಲದಲ್ಲಿ ಹೊಗೆ ನಿಧಾನವಾಗಿ, ತಣ್ಣಗಾಗುತ್ತಾ ಏರುತ್ತದೆ. ಕ್ರಿಯೋಸೋಟ್‌ಗೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಹೀಗಾಗಿ ಹಳೇ ಮನೆಗೆ ಇನ್ಸುಲೇಷನ್ ಸುತ್ತಿದ ಸ್ಟೇನ್‌ಲೆಸ್ ಸ್ಟೀಲ್ ಲೈನರ್ ಬೇಕೇ ಬೇಕು ಅಂತ ಇಟ್ಟುಕೊಳ್ಳಿ. ಎತ್ತರದ ನಿಯಮ ಸುಲಭ. ಚಿಮಣಿ ಮಾಡಿನಿಂದ ಹೊರಬಂದಲ್ಲಿಂದ 3 ಅಡಿ ಮೇಲಿರಬೇಕು, 10 ಅಡಿ ಆಸುಪಾಸಿನ ಯಾವುದಕ್ಕಿಂತಲೂ 2 ಅಡಿ ಎತ್ತರ ಇರಬೇಕು.

ಗೋಡೆಯಿಂದ ಸ್ಟವ್ ಎಷ್ಟು ದೂರ ಇರಬೇಕು ಅಂತ ಅದರ ಹಿಂದಿನ ತಗಡಿನ ಪಟ್ಟಿಯಲ್ಲಿ ಬರೆದಿರುತ್ತದೆ. ಪಟ್ಟಿ ಇಲ್ಲದ ಸ್ಟವ್‌ಗೆ 36 ಇಂಚು. ತೂಕವನ್ನೂ ನೋಡಬೇಕು. ದೊಡ್ಡ ಎರಕದ ಸ್ಟವ್ 500 ಪೌಂಡ್ ದಾಟುತ್ತದೆ, ಕಲ್ಲಿನದು ಇನ್ನೂ ಜಾಸ್ತಿ. ಹಳೇ ನೆಲದ ತೊಲೆಗೆ ಹುಳು ಹಿಡಿದಿದೆಯಾ ಅಂತ ಕೆಳಗಿಳಿದು ಟಾರ್ಚ್ ಹಾಕಿ ನೋಡಿ. ಪರ್ಮಿಟ್ ತಗೊಳ್ಳಿ, ಮನೆ ವಿಮೆಯವರಿಗೂ ತಿಳಿಸಿ. ಬೆಂಕಿಯಿಂದ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಎಚ್ಚರಿಸುವ ಅಲಾರಂ ಪ್ರತಿ ಅಂತಸ್ತಿಗೂ ಇರಲಿ.

ನಮ್ಮವರ ಮನೆಗೆ ಅಂತಲೇ ಹೇಳಬೇಕಾದ ಮಾತೊಂದಿದೆ. ಒಗ್ಗರಣೆ ಘಾಟಿಗೆ ಅಂತ ಅಡುಗೆಮನೆಯಲ್ಲಿ ಭಾರಿ ಎಕ್ಸಾಸ್ಟ್ ಹುಡ್ ಹಾಕಿಸಿರುತ್ತೇವೆ. ನಿಮಿಷಕ್ಕೆ 600 ಘನ ಅಡಿ ಗಾಳಿ ಎಳೆಯುವ ಹುಡ್ ಓಡುತ್ತಿದ್ದರೆ, ಸಂದು ಮುಚ್ಚಿದ ಮನೆಯಲ್ಲಿ ಆ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಸುಲಭದ ದಾರಿ ಸ್ಟವ್ ಚಿಮಣಿ. ಹೊಗೆ, ಅದರ ಜೊತೆ ಕಣ್ಣಿಗೆ ಕಾಣದ ಕಾರ್ಬನ್ ಮಾನಾಕ್ಸೈಡ್ ಒಳಕ್ಕೆ ಬರುತ್ತದೆ. ಹುಡ್ ಹಾಕಿದಾಗ ಹತ್ತಿರದ ಕಿಟಕಿ ಸ್ವಲ್ಪ ತೆರೆದಿರಲಿ, ಅಥವಾ ಹೊರಗಾಳಿ ತರುವ ಬೇರೆ ದಾರಿ ಮಾಡಿಸಿ. ಕೆಂಡ ಆರುತ್ತಿರುವ ಹೊತ್ತಿನಲ್ಲಿ ಅಪಾಯ ಜಾಸ್ತಿ, ಚಿಮಣಿಯ ಎಳೆತ ಆಗ ಕಡಿಮೆ ಇರುತ್ತದೆ.

ಬಿಸಿ ಒಂದೇ ಕೋಣೆಯಲ್ಲಿ ನಿಂತರೆ

ಸ್ಟವ್ ಇರುವ ಕೋಣೆ 80 ಡಿಗ್ರಿ, ಆಚೆ ಮೂಲೆಯ ಮಲಗುವ ಕೋಣೆ 58. ಸಣ್ಣ ಕೋಣೆಗಳ ಹಳೇ ಮನೆಯಲ್ಲಿ ಇದು ದಿನದ ಗೋಳು. ಇದಕ್ಕೆ ಇನ್ನೂ ದೊಡ್ಡ ಸ್ಟವ್ ಮದ್ದಲ್ಲ, ಆ ಕೋಣೆ 90 ಆಗುತ್ತದೆ ಅಷ್ಟೇ. ಒಂದು ಸಣ್ಣ ಟೇಬಲ್ ಫ್ಯಾನನ್ನು ತಣ್ಣನೆ ಕೋಣೆಯ ನೆಲದ ಮೇಲಿಟ್ಟು, ಮುಖ ಸ್ಟವ್ ಕಡೆ ತಿರುಗಿಸಿ, ನಿಧಾನಕ್ಕೆ ಓಡಿಸಿ. ತಣ್ಣನೆ ಗಾಳಿ ಭಾರ, ನೆಲ ಹಿಡಿದು ಹೋಗುತ್ತದೆ. ಅದರ ಜಾಗ ತುಂಬಲು ಬಿಸಿಗಾಳಿ ಬಾಗಿಲ ಮೇಲ್ಭಾಗದಿಂದ ಈ ಕಡೆ ಬರುತ್ತದೆ. ಬಾಗಿಲ ಚೌಕಟ್ಟಿನ ಮೇಲೆ ಒಂದು ಉದ್ದನೆ ಟಿಶ್ಯೂ ಕಾಗದ ಅಂಟಿಸಿದರೆ ಅದು ಯಾವ ಕಡೆ ಹಾರುತ್ತದೆ ಅಂತ ಕಣ್ಣಾರೆ ನೋಡಬಹುದು.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಸ್ಟವ್ ಚೆನ್ನಾಗಿ ಕೆಲಸ ಮಾಡಿದರೆ ಬಾಯ್ಲರ್ ಓಡುವುದಿಲ್ಲ. ಬಾಯ್ಲರ್ ಓಡದಿದ್ದರೆ ನೆಲಮಾಳಿಗೆಗೆ, ಹೊರಗೋಡೆಯ ಕೊಳವೆಗಳಿಗೆ ಕಾವಿಲ್ಲ. ಮೇಲೆ ನೀವು ಬೆಚ್ಚಗೆ ಕೂತಿರುವಾಗ ಕೆಳಗೆ ನೀರು ಹೆಪ್ಪುಗಟ್ಟಿ ಕೊಳವೆ ಸೀಳಬಹುದು. ತೀರಾ ಚಳಿಯ ರಾತ್ರಿ ದಿನಕ್ಕೆ ಕೆಲವು ಸಲವಾದರೂ ಬಾಯ್ಲರ್ ಓಡುವ ಹಾಗೆ ಥರ್ಮೋಸ್ಟಾಟ್ ಇಡಿ. ಹೇಗೂ ಆ ರಾತ್ರಿ ಸ್ಟವ್ ಒಂದಕ್ಕೇ ಭಾರ ಜಾಸ್ತಿ. ಸ್ಟವ್ ಸಾಮಾನ್ಯ ಚಳಿಗೆ, ಬಾಯ್ಲರ್ ವಿಪರೀತ ಚಳಿಗೆ ಅಂತ ಹಂಚಿಕೊಟ್ಟರೆ ಸ್ಟವ್ ಅಳತೆ ತಾನಾಗೇ ಮೂರು ಘನ ಅಡಿಯ ಸುತ್ತ ಬಂದು ನಿಲ್ಲುತ್ತದೆ. ಕರೆಂಟ್ ಹೋದರೆ ಬಾಯ್ಲರ್ ನಿಲ್ಲುತ್ತದೆ, ಸ್ಟವ್ ನಿಲ್ಲುವುದಿಲ್ಲ. 1998ರ ಜನವರಿಯ ಮಂಜುಗಡ್ಡೆ ಬಿರುಗಾಳಿಯಲ್ಲಿ ಮೇನ್, ವರ್ಮಾಂಟ್ ಕಡೆ ಎಷ್ಟೋ ಮನೆಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಅಂಥ ದಿನಕ್ಕಾಗಿಯೂ ಸ್ಟವ್ ಬೇಕು ಅನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಸೌದೆ ಈಗಲೇ

ಮಲೆನಾಡಿನ ಮಳೆಗಾಲದಲ್ಲಿ ಬಚ್ಚಲ ಒಲೆಗೆ ಹಸಿ ಸೌದೆ ತುರುಕಿ, ಊದುಕೊಳವೆ ಹಿಡಿದು ಕಣ್ಣೀರು ಸುರಿಸಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಸ್ಟವ್‌ಗೆ ಹಾಕುವ ಸೌದೆಯಲ್ಲಿ ತೇವ 20 ಪರ್ಸೆಂಟ್ ಒಳಗಿರಬೇಕು (ಈ ಪರ್ಸೆಂಟ್ ನೀರು ಬಿಟ್ಟು ಬರೀ ಮರದ ತೂಕಕ್ಕೆ ಹಿಡಿದ ಲೆಕ್ಕ). 30 ಪೌಂಡ್ ಸೌದೆಯಲ್ಲಿ ಆಗಲೂ 5 ಪೌಂಡ್ ನೀರಿರುತ್ತದೆ. 40 ಪರ್ಸೆಂಟ್ ಇದ್ದರೆ ಎಂಟೂವರೆ ಪೌಂಡ್. ಅಷ್ಟೂ ನೀರನ್ನು ಕುದಿಸಿ ಹೊರಗೆ ಕಳಿಸಿದ ಮೇಲೆ ನಿಮ್ಮ ಸರದಿ. ನೀರು ಬೆಂಕಿಯ ಕಾವನ್ನೂ ಇಳಿಸುವುದರಿಂದ ಹೊಗೆ ಸುಡುವುದೇ ಇಲ್ಲ. 'ದೊಡ್ಡ ಸ್ಟವ್ ಹಾಕ್ಸಿದ್ರೂ ಬಿಸಿ ಸಾಲ್ತಿಲ್ಲ' ಅಂತ ಯಾರಾದರೂ ಹೇಳಿದರೆ ನಾನು ಮೊದಲು ಅವರ ಸೌದೆ ನೋಡುತ್ತೇನೆ. ತೇವ ಅಳೆಯುವ ಮೀಟರ್ ಅಗ್ಗಕ್ಕೇ ಸಿಗುತ್ತದೆ. ಹೊರಮೈಗೆ ಚುಚ್ಚಿದರೆ ಸರಿಯಾದ ಅಂಕಿ ಬರುವುದಿಲ್ಲ. ಒಂದು ತುಂಡು ಆಗಷ್ಟೇ ಸೀಳಿ, ಒಳಗಿನ ಹೊಸ ಮೈಗೆ ಮೀಟರಿನ ಎರಡು ಮೊಳೆ ಒತ್ತಿ ಓದಬೇಕು.

ಇಲ್ಲಿ ಸೌದೆ ಅಳೆಯುವುದು ಕಾರ್ಡ್ ಲೆಕ್ಕದಲ್ಲಿ. 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ರಾಶಿ. ಒಳ್ಳೇ ಮೇಪಲ್ ಅಥವಾ ರೆಡ್ ಓಕ್ ಒಂದು ಕಾರ್ಡಿಗೆ 2.4 ಕೋಟಿ ಬಿಟಿಯು. ಸ್ಟವ್ ದಕ್ಷತೆ ಕಳೆದರೆ ಸುಮಾರು 1.7 ಕೋಟಿ. ನಮ್ಮ ಉದಾಹರಣೆಯ ಮನೆಯನ್ನು ಪೂರ್ತಿ ಸೌದೆ ಮೇಲೇ ನಡೆಸಿದರೆ ವರ್ಷಕ್ಕೆ ಹತ್ತಿರ ಹತ್ತಿರ ಆರು ಕಾರ್ಡ್ ಬೇಕು. ರೆಡ್ ಓಕ್ ಒಣಗಲು ಎರಡು ಬೇಸಿಗೆ ಹಿಡಿಯುತ್ತದೆ, ಕೆಲವೊಮ್ಮೆ ಮೂರು. ಆಶ್ ಬೇಗ ಒಣಗುತ್ತದೆ, ಕಡಿದಾಗಲೇ ಅದರಲ್ಲಿ ನೀರು ಕಡಿಮೆ. ಪೈನ್ ಸುಟ್ಟರೆ ಕ್ರಿಯೋಸೋಟ್ ಆಗುತ್ತದೆ ಅನ್ನುವ ನಂಬಿಕೆ ಇಲ್ಲಿನವರಲ್ಲಿ ಗಟ್ಟಿಯಾಗಿದೆ, ಆದರೆ ಒಣಗಿದ ಪೈನ್‌ನಿಂದ ತೊಂದರೆಯಿಲ್ಲ. ಜನವರಿಯಲ್ಲಿ ಸ್ಟವ್ ತುಂಬ ಕೆಂಡ ಕಟ್ಟಿಕೊಂಡು ಹೊಸ ಸೌದೆಗೆ ಜಾಗ ಇಲ್ಲದಾಗ ಕೆಂಡವನ್ನೆಲ್ಲ ಮುಂದಕ್ಕೆಳೆದು, ಮೇಲೆ ಒಂದೇ ಒಂದು ಪೈನ್ ಸೀಳು ಇಟ್ಟು ಗಾಳಿ ಬಿಡಿ. ಅದು ಜೋರಾಗಿ ಉರಿಯುತ್ತಾ ಕೆಂಡವನ್ನೂ ಕರಗಿಸುತ್ತದೆ, ಕೋಣೆಗೂ ಬಿಸಿ ಸಿಗುತ್ತದೆ.

ಸೌದೆಯನ್ನು ದೂರದ ಊರಿಂದ ತರಬೇಡಿ. ಆಶ್ ಮರ ಕೊಲ್ಲುವ ಹಸಿರು ಜೀರುಂಡೆ, ಎಮರಾಲ್ಡ್ ಆಶ್ ಬೋರರ್, 2002ರಲ್ಲಿ ಮಿಶಿಗನ್‌ನಲ್ಲಿ ಪತ್ತೆಯಾಯಿತು. 2018ರಲ್ಲಿ ವರ್ಮಾಂಟಿನಲ್ಲೂ ಕಂಡಿತು. ಅದು ಊರಿಂದೂರಿಗೆ ಹೋಗುವುದು ಹೆಚ್ಚಾಗಿ ಸೌದೆ ಲಾರಿಯಲ್ಲೇ.

ಹಾಗಾಗಿ ಸ್ಟವ್ ಯಾವುದು ಅಂತ ಇನ್ನೂ ಗೊತ್ತಾಗದಿದ್ದರೂ ಪರವಾಗಿಲ್ಲ, ಸೌದೆ ಮಾತ್ರ ಈ ವಸಂತದಲ್ಲೇ ತರಿಸಿ, ಸೀಳಿಸಿ, ನೆಲಕ್ಕೆ ತಾಗದಂತೆ ಅಡ್ಡಪಟ್ಟಿಯ ಮೇಲೆ ಒಟ್ಟಿಸಿ. ಮೇಲೆ ಮಾತ್ರ ತಗಡು ಹೊದಿಸಿ, ಪಕ್ಕಗಳು ಗಾಳಿಗೆ ತೆರೆದಿರಲಿ. ಅಟ್ಟದ ಕೆಲಸ ಬೇಸಿಗೆಯಲ್ಲಿ ಮುಗಿಸಿ. ಬರುವ ಚಳಿಗಾಲ ಇರುವ ಸ್ಟವ್‌ನಲ್ಲೇ ಕಳೆದು, ಎಷ್ಟು ಎಣ್ಣೆ ಉಳಿಯಿತು, ಎಷ್ಟು ಗಂಟೆಗೊಮ್ಮೆ ತುಂಬಬೇಕಾಯಿತು ಅಂತ ಬರೆದಿಡಿ. ಆ ಚೀಟಿ ಹಿಡಿದು ಅಂಗಡಿಗೆ ಹೋದರೆ ಫೈರ್‌ಬಾಕ್ಸ್ ಎಷ್ಟು ಘನ ಅಡಿ ಇರಬೇಕು ಅಂತ ನೀವೇ ಅವರಿಗೆ ಹೇಳಬಹುದು.